ದುಡ್ಡು ಕೊಟ್ಟು ಮಣ್ಣು ಹೊರಲು ಹೋದೆ

ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ರೋಮಿನ ಚಕ್ರವರ್ತಿ ಹೆಡ್ರಿಯನ್ ಕಟ್ಟಿಸಿದ ಗೋಡೆಯಿಂದ ಸ್ವಲ್ಪ ದಕ್ಷಿಣದಲ್ಲಿ ವಿಂಡೊಲಾಂಡ ಅಂತ ಒಂದು ರೋಮನ್ ಕೋಟೆಯ ಜಾಗ ಇದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಉತ್ಖನನ ನಡೆಯುತ್ತದೆ. ಅಗೆಯುವವರಲ್ಲಿ ಹೆಚ್ಚಿನವರು ಪುರಾತತ್ವ ಓದಿದವರಲ್ಲ. ರಿಟೈರ್ ಆದ ಟೀಚರುಗಳು, ಬ್ಯಾಂಕಿನವರು, ಕಾಲೇಜು ಹುಡುಗರು, ನರ್ಸುಗಳು. ಎಲ್ಲರೂ ಸ್ವಯಂಸೇವಕರು. ಹದಿನಾರು ದಾಟಿದ ಯಾರು ಬೇಕಾದರೂ ಅರ್ಜಿ ಹಾಕಬಹುದು. ಸಂಬಳ ಇಲ್ಲ, ಬದಲಿಗೆ ನಾವೇ ಶುಲ್ಕ ಕಟ್ಟಬೇಕು. ಆದರೂ ನವೆಂಬರ್‌ನಲ್ಲಿ ಬುಕಿಂಗ್ ಶುರುವಾದರೆ ಸೀಟುಗಳು ಬೇಗ ಖಾಲಿಯಾಗುತ್ತವೆ.

ನಾನು ನ್ಯೂಕ್ಯಾಸಲ್‌ನಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹೋದ ಬೇಸಿಗೆ ರಜೆ ಹಾಕಿ ಅಲ್ಲಿಗೆ ಹೋದೆ. ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲ ಕಣೇ, ದುಡ್ಡು ಕೊಟ್ಟು ಮಣ್ಣು ಹೊರೋಕೆ ಹೋಗ್ತೀಯಾ? ಇಲ್ಲಿ ನಮ್ಮ ಹೊಲದಲ್ಲಿ ಬೇಕಾದಷ್ಟಿದೆಯಲ್ಲ!" ಅಮ್ಮನಿಗೆ ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನೂರು ಚಿತ್ರದುರ್ಗ. ಕೋಟೆಯ ಪಶ್ಚಿಮಕ್ಕೆ ಗುಡ್ಡಗಳ ನಡುವೆ ಚಂದ್ರವಳ್ಳಿ ಇದೆ. ಕೆರೆ, ಗುಹೆ, ಭೈರವೇಶ್ವರ ಗುಡಿ, ಗುಡಿಯ ಹತ್ತಿರ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ. ಶಾಲೆಯಿಂದ ಪಿಕ್ನಿಕ್ ಅಂದರೆ ಅಲ್ಲಿಗೇ. ನೆಲದಲ್ಲಿ ಮಡಕೆ ಚೂರು ಬಿದ್ದಿರುತ್ತಿದ್ದವು. ಚಪ್ಪಟೆಯಾಗಿದ್ದ ಬೋಕಿ ಸಿಕ್ಕರೆ ಕುಂಟೆಬಿಲ್ಲೆ ಆಡಲು ಎತ್ತಿಟ್ಟುಕೊಳ್ಳುತ್ತಿದ್ದೆವು. ಆ ಚೂರುಗಳಲ್ಲಿ ಕೆಲವು ಶಾತವಾಹನರ ಕಾಲದವೂ ಇರಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅಲ್ಲಿ ಅಗೆಸಿದ್ದರು, ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಅವರ ಬೆಳ್ಳಿ ನಾಣ್ಯಗಳು ಅಲ್ಲಿ ಸಿಕ್ಕಿದ್ದವು ಅನ್ನುವುದೂ ಗೊತ್ತಿರಲಿಲ್ಲ. ಇದನ್ನೆಲ್ಲ ನಾನು ಓದಿದ್ದು ಇಂಗ್ಲೆಂಡಿಗೆ ಬಂದ ಮೇಲೆ.

ವಿಂಡೊಲಾಂಡದ ಮಣ್ಣಿನ ಬಗ್ಗೆ ಮೊದಲು ಹೇಳಬೇಕು. ಕ್ರಿ.ಶ. 85ರ ಹೊತ್ತಿಗೆ ಅಲ್ಲಿ ಮೊದಲ ಕೋಟೆ ಎದ್ದಿತು. ಆಮೇಲೆ ಒಂದರ ಮೇಲೊಂದು ಕೋಟೆಗಳು. ಮೊದಲಿನವು ಮರದವು, ಆಮೇಲಿನವು ಕಲ್ಲಿನವು. ಒಂದು ದಂಡು ಖಾಲಿ ಮಾಡಿ ಹೋದರೆ ಮುಂದಿನವರು ಬಂದು ಹಳೆಯದನ್ನು ಕೆಡವುತ್ತಿದ್ದರು. ಅದರ ಮೇಲೆ ಜೇಡಿಮಣ್ಣು, ಹುಲ್ಲುಹೆಂಟೆ ಹಾಸಿ, ಬಡಿದು, ಹೊಸದನ್ನು ಕಟ್ಟುತ್ತಿದ್ದರು. ಹೀಗೆ ಕೆಳಗಿನ ಪದರಕ್ಕೆ ಗಾಳಿಯೇ ಆಡದ ಹಾಗಾಯಿತು. ನೀರು ಮಾತ್ರ ನಿಂತೇ ಇತ್ತು. ಆಮ್ಲಜನಕ ಇಲ್ಲದ ಕಡೆ ಕೊಳೆಸುವ ಬ್ಯಾಕ್ಟೀರಿಯಾಗಳ ಆಟ ಹೆಚ್ಚು ನಡೆಯುವುದಿಲ್ಲ. ಬೇರೆ ಕಡೆ ಹತ್ತಿಪ್ಪತ್ತು ವರ್ಷದಲ್ಲಿ ಮಣ್ಣಾಗುವ ಮರ, ಚರ್ಮ, ಬಟ್ಟೆ, ಹುಲ್ಲು ಇಲ್ಲಿ 1,900 ವರ್ಷ ಉಳಿದಿವೆ. ದಿನಾ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕೆಲಸ ನನ್ನದು. ಅವು ಕೆಲಸ ಮಾಡದೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡದ್ದು ಅಲ್ಲೇ.

1973ರಲ್ಲಿ ರಾಬಿನ್ ಬರ್ಲಿ ಅನ್ನುವವರು ಅಲ್ಲಿ ಅಗೆಯುತ್ತಿದ್ದಾಗ ಮರದ ತೆಳು ಚಕ್ಕೆಗಳು ಸಿಕ್ಕವು. ಒಂದಕ್ಕೊಂದು ಅಂಟಿಕೊಂಡಿದ್ದ ಎರಡನ್ನು ಬಿಡಿಸಿದರೆ ಒಳಗೆ ಶಾಯಿಯ ಅಕ್ಷರ! ಗಾಳಿ ತಗುಲಿ ಅದು ಬೇಗ ಮಾಸಿತು. ಆಮೇಲೆ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಇನ್‌ಫ್ರಾರೆಡ್ ಫೋಟೊ ತೆಗೆದಾಗ ಬರಹ ಮತ್ತೆ ಕಾಣಿಸಿತು. ಅಲ್ಲಿಂದ ಇಲ್ಲಿಯವರೆಗೆ ನೂರಾರು ಮರದ ಓಲೆಗಳು ಸಿಕ್ಕಿವೆ. ಹೆಚ್ಚಿನವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ರಾಜರ ಶಾಸನಗಳಲ್ಲ ಅವು. ಸೈನಿಕರ ಲೆಕ್ಕ, ರಜೆ ಅರ್ಜಿ, ಕಾಲುಚೀಲ ಮತ್ತು ಒಳಚಡ್ಡಿ ಕಳಿಸಿದ್ದೇನೆ ಅಂತ ಬರೆದ ಪತ್ರ. ಕ್ಲಾಡಿಯಾ ಸೆವೆರಾ ಅನ್ನುವವಳು ಗೆಳತಿ ಲೆಪಿಡಿನಾಳನ್ನು ಸೆಪ್ಟೆಂಬರ್ 11ರ ತನ್ನ ಹುಟ್ಟುಹಬ್ಬಕ್ಕೆ ಕರೆದ ಪತ್ರವೂ ಇದೆ. ಪತ್ರದ ಮೈಯನ್ನು ಬರೆದವನು ಗುಮಾಸ್ತ. ಕೊನೆಯ ಎರಡು ಮೂರು ಸಾಲು ಮಾತ್ರ ಅವಳದೇ ಕೈಬರಹ. ಲ್ಯಾಟಿನ್‌ನಲ್ಲಿ ಹೆಣ್ಣೊಬ್ಬಳು ಸ್ವಂತ ಕೈಯಲ್ಲಿ ಬರೆದದ್ದರಲ್ಲಿ ಇಷ್ಟು ಹಳೆಯದು ಸಿಕ್ಕಿರುವುದೇ ಅಪರೂಪ.

ಈಗ ಕೆಲಸಕ್ಕೆ ಬರುತ್ತೇನೆ. ಹೋಗುವ ಮೊದಲು ಧನುರ್ವಾಯು ಇಂಜೆಕ್ಷನ್ ಹಾಕಿಸಿಕೊಂಡೆ. ಗಟ್ಟಿ ಬೂಟು, ಮಳೆ ಕೋಟು, ಮೊಣಕಾಲಿಗೆ ಹಾಸಿಕೊಳ್ಳಲು ಸ್ಪಾಂಜಿನ ಮಣೆ ಕೊಂಡೆ. ಗೋಡೆಯ ಆಸುಪಾಸಿನ ಊರುಗಳಿಗೆ ಬೇಸಿಗೆಯಲ್ಲಿ ಎಡಿ122 ಅಂತ ಒಂದು ಬಸ್ ಓಡುತ್ತದೆ. ಹೆಡ್ರಿಯನ್ ಗೋಡೆ ಕಟ್ಟಲು ಶುರುವಾದ ವರ್ಷವೇ, ಅಂದರೆ ಕ್ರಿ.ಶ. 122, ಬಸ್ಸಿನ ನಂಬರು. ನನಗೆ ಇದು ತುಂಬಾ ಇಷ್ಟವಾಯಿತು. ನಮ್ಮ ದುರ್ಗದ ಕೆಎಸ್ಆರ್‌ಟಿಸಿ ಬಸ್ಸಿಗೂ ಹೀಗೊಂದು ನಂಬರು ಕೊಡಬಾರದೇಕೆ?

ಮೊದಲ ದಿನ ಕೈಗೆ ಕೊಡುವುದು ಕರಣೆ. ನಮ್ಮ ಗಾರೆ ಕೆಲಸದವರು ಹಿಡಿಯುವುದಕ್ಕಿಂತ ಚಿಕ್ಕದು, ತುದಿ ಚೂಪು. ಕರಣೆಯಲ್ಲಿ ಚುಚ್ಚುವ ಹಾಗಿಲ್ಲ. ಅಂಚನ್ನು ಮಣ್ಣಿಗೆ ಒತ್ತಿ ನಮ್ಮ ಕಡೆಗೆ ಎಳೆದುಕೊಳ್ಳಬೇಕು. ತೆಳ್ಳಗೆ, ಸಮವಾಗಿ. ಮಣ್ಣಿನ ಬಣ್ಣ ಬದಲಾದರೆ ಅಲ್ಲೇ ನಿಲ್ಲಿಸಿ ಮೇಲ್ವಿಚಾರಕರನ್ನು ಕರೆಯಬೇಕು. ಬಣ್ಣ ಬದಲಾಯಿತು ಅಂದರೆ ಕಾಲವೂ ಬದಲಾಯಿತು ಅಂತ ಲೆಕ್ಕ. ಒಂದು ಕಂದು ಪಟ್ಟಿಯ ನಡುವೆ ಒಂದು ಕಪ್ಪು ವೃತ್ತ ಕಂಡರೆ ಅದು ಕಂಬ ನೆಟ್ಟ ಗುಂಡಿ. ಕಂಬ ಹೋಗಿ ಸಾವಿರಾರು ವರ್ಷ ಆದರೂ ಅದು ನಿಂತಿದ್ದ ಜಾಗ ಮಣ್ಣಿನಲ್ಲಿ ಉಳಿದಿರುತ್ತದೆ. ಸುಮ್ನೆ ಅಗೆದುಹಾಕಿದರೆ ಆ ವೃತ್ತ ಹೋಗಿಬಿಡುತ್ತದೆ, ಮತ್ತೆ ಯಾರಿಗೂ ಸಿಗುವುದಿಲ್ಲ. ಅದಕ್ಕೇ ಅಷ್ಟು ನಿಧಾನ.

ಕೆರೆದ ಮಣ್ಣು ಬಕೆಟ್ಟಿಗೆ, ಬಕೆಟ್ಟಿನಿಂದ ಒಂಟಿಚಕ್ರದ ತಳ್ಳುಗಾಡಿಗೆ, ಗಾಡಿಯಿಂದ ದೂರದ ಗುಡ್ಡೆಗೆ. ಹಲಗೆ ಮೇಲೆ ಗಾಡಿ ತಳ್ಳಿಕೊಂಡು ಹೋಗುವುದೇ ಒಂದು ವಿದ್ಯೆ. ಮಳೆ ಬಂದರೆ ಹಲಗೆ ಜಾರುತ್ತದೆ. ಗುಂಡಿಯಲ್ಲಿ ನೀರು ತುಂಬಿದರೆ ಪಂಪ್ ಹಚ್ಚಿ ಖಾಲಿ ಮಾಡಬೇಕು. ಸಂಜೆ ಹೊತ್ತಿಗೆ ಸೊಂಟ ಹಿಡಿಯುತ್ತಿತ್ತು. ಆದರೆ ಒಬ್ಬರೂ ಗೊಣಗಿದ್ದು ಕೇಳಲಿಲ್ಲ. ನನ್ನ ಪಕ್ಕದಲ್ಲಿದ್ದ ಅಜ್ಜಿ ರಿಟೈರ್ ಆದ ಟೀಚರು. ವರ್ಷಾ ವರ್ಷಾ ಬರುತ್ತಾರೆ. ಒಂದು ಚೂರು ಕೈಗೆ ಬಂದರೆ ಸಾಕು, ತಿರುಗಿಸಿ ನೋಡಿ, ಇದು ಅಡುಗೆ ಮಡಕೆಯದು, ಇದು ಎಣ್ಣೆ ಜಾಡಿಯದು ಅಂತ ಹೇಳುತ್ತಿದ್ದರು. ನುಣುಪಾದ ಕೆಂಪು ಚೂರು ಸಿಕ್ಕಾಗ ಮಾತ್ರ ಅವರ ಮುಖ ಅರಳುತ್ತಿತ್ತು. ಅದು ಸೇಮಿಯನ್ ಪಾತ್ರೆ, ಈಗಿನ ಫ್ರಾನ್ಸಿನಿಂದ ಬಂದದ್ದು. ಯಾವ ಡಿಗ್ರಿಯೂ ಇಲ್ಲದೆ ಬರೀ ಕೈ, ಕಣ್ಣು ಪಳಗಿಸಿಕೊಂಡು ಬಂದ ಜ್ಞಾನ ಅದು.

ಹೆಚ್ಚಿನ ದಿನ ಸಿಗುವುದು ಚೂರು, ಮೂಳೆ, ತುಕ್ಕು ಹಿಡಿದ ಮೊಳೆ. ಚಿನ್ನ ಬೆಳ್ಳಿಯ ಆಸೆ ಇಟ್ಟುಕೊಂಡು ಹೋದವರಿಗೆ ಬೇಜಾರಾಗುತ್ತದೆ. ನನಗೆ ಸಿಕ್ಕಿದ್ದು ಬೇರೆಯೇ.

ನಮ್ಮ ಗುಂಡಿಯ ಒಂದು ಮೂಲೆ ಆಳದ ಪದರಕ್ಕೆ ಇಳಿದಿತ್ತು. ಅಲ್ಲಿನ ಮಣ್ಣು ಕಪ್ಪು, ಒದ್ದೆ, ಮೂಗಿಗೆ ಹಳೆ ಚರಂಡಿಯ ವಾಸನೆ ಹೊಡೆಯುತ್ತದೆ. ರೋಮನ್ನರು ನೆಲಕ್ಕೆ ಜರಿಗಿಡ, ಹುಲ್ಲು ಹಾಸುತ್ತಿದ್ದರು. ಆ ಹಾಸು ಇನ್ನೂ ಹಾಗೇ ಇತ್ತು. ಕರಣೆ ಬದಿಗಿಟ್ಟು ಬೆರಳಲ್ಲೇ ಒಂದು ಎಳೆ ಎತ್ತಿದೆ. ಜರಿಯ ಎಲೆಯಲ್ಲಿ ಹಸಿರು ಛಾಯೆ ಇತ್ತು. ನೋಡನೋಡುತ್ತಾ ಕಂದಾಯಿತು, ಆಮೇಲೆ ಕಪ್ಪಾಯಿತು. ಗಾಳಿ ಸೋಕಿದ್ದೇ ತಡ. ಪಕ್ಕದ ಮೂಳೆ ಚೂರಿನ ಮೇಲೆ ನೀಲಿ ಪುಡಿ ಹಚ್ಚಿದ ಹಾಗೆ ಕಾಣಿಸಿತು. ಅದಕ್ಕೆ ವಿವಿಯನೈಟ್ ಅನ್ನುತ್ತಾರೆ, ಕಬ್ಬಿಣ ಮತ್ತು ರಂಜಕ ಸೇರಿ ಆಗುವ ಖನಿಜ. ಅದೂ ಗಾಳಿಗೆ ಬಂದ ಮೇಲೆ ನೀಲಿಯಾಗುವುದು.

ಅದರ ಕೆಳಗೆ ದುಂಡನೆಯ ಅಂಚೊಂದು ಕಂಡಿತು. ಮೊದಲು ಮರದ ಚಕ್ಕೆ ಅಂದುಕೊಂಡೆ. ಮುಟ್ಟಿದರೆ ಮೆತ್ತಗೆ ಬಾಗಿತು. ಚರ್ಮ! ಮೇಲ್ವಿಚಾರಕಿಯನ್ನು ಕರೆದೆ. ಅವರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು "ನಿಧಾನ, ಸುತ್ತಲಿನ ಮಣ್ಣು ಮೊದಲು" ಅಂದರು. ಸುತ್ತ ಬಿಡಿಸಿ, ಅಡಿಗೆ ಕೈ ಕೊಟ್ಟು ಎತ್ತಿದಾಗ ಗೊತ್ತಾಯಿತು, ಶೂವಿನ ಅಟ್ಟೆ. ಹೊಲಿಗೆಯ ತೂತುಗಳು ಸಾಲಾಗಿದ್ದವು. ಹಿಮ್ಮಡಿ ಕಡೆ ಕಬ್ಬಿಣದ ಪುಟ್ಟ ಮೊಳೆಗಳ ತಲೆ. ನನ್ನ ಅಂಗೈಗಿಂತ ಸ್ವಲ್ಪವೇ ಉದ್ದ. ಹೆಬ್ಬೆರಳು ಊರುವ ಜಾಗ ಸವೆದು ತಗ್ಗಾಗಿತ್ತು. ಅಷ್ಟು ಸಣ್ಣ ಕಾಲು, ಅಷ್ಟು ಸವೆದಿದೆ ಅಂದರೆ ಆ ಮಗು ಎಷ್ಟು ಓಡಾಡಿರಬೇಕು! ಒಂದು ಕ್ಷಣ ನನಗೆ ಮಾತೇ ಹೊರಡಲಿಲ್ಲ. ಮೇಲ್ವಿಚಾರಕಿ ಅದನ್ನು ನೀರಿನ ಸಮೇತ ಚೀಲಕ್ಕೆ ಹಾಕಿ, ಪದರದ ನಂಬರು ಬರೆದು, ಲ್ಯಾಬಿಗೆ ಕಳಿಸಿದರು. ಒಣಗಲು ಬಿಟ್ಟರೆ ಸುಕ್ಕುಗಟ್ಟಿ ಹಾಳಾಗುತ್ತದೆ.

ವಿಂಡೊಲಾಂಡದಲ್ಲಿ ಇಂಥ ಶೂಗಳು ಇಲ್ಲಿಯವರೆಗೆ 5,000ಕ್ಕೂ ಜಾಸ್ತಿ ಸಿಕ್ಕಿವೆ. ಹಾಗಾಗಿ ನನಗೆ ಸಿಕ್ಕಿದ್ದು ಅವರ ಮಟ್ಟಿಗೆ ದೊಡ್ಡ ಸುದ್ದಿಯೇನಲ್ಲ. ಆದರೆ ಆ ಶೂಗಳೆಲ್ಲ ಸೇರಿ ಒಂದು ದೊಡ್ಡ ವಿಷಯ ಹೇಳಿವೆ. ರೋಮನ್ ಸೈನಿಕರು ನೌಕರಿಯಲ್ಲಿದ್ದಾಗ ಕಾನೂನು ಪ್ರಕಾರ ಮದುವೆ ಆಗುವಂತಿರಲಿಲ್ಲ. ಹಾಗಾಗಿ ಕೋಟೆಯೊಳಗೆ ಬರೀ ಗಂಡಸರಿದ್ದರು ಅಂತ ಬಹಳ ಕಾಲ ನಂಬಿದ್ದರು. ಸೈನಿಕರ ಬಿಡಾರಗಳ ನೆಲದಲ್ಲೇ ಹೆಂಗಸರ ಶೂ, ಮಕ್ಕಳ ಶೂ ಸಿಗುತ್ತಾ ಹೋದವು. ಪುಸ್ತಕದಲ್ಲಿ ಬರೆದದ್ದನ್ನು ತಿದ್ದಬೇಕಾಯಿತು. ತಿದ್ದಿಸಿದ ಈ ಪುರಾವೆಯಲ್ಲಿ ಎಷ್ಟೋ ಭಾಗವನ್ನು ಮಣ್ಣಿನಿಂದ ಎತ್ತಿದ ಕೈಗಳು ಸ್ವಯಂಸೇವಕರವು. ಅಮ್ಮನಿಗೆ ನಾನು ಹೇಳಬೇಕೆಂದಿದ್ದು ಮುಖ್ಯವಾಗಿ ಇದೇ.

ಅಲ್ಲಿಯ ಮ್ಯೂಸಿಯಂನಲ್ಲಿ 2017ರಲ್ಲಿ ಸಿಕ್ಕ ಚರ್ಮದ ಬಾಕ್ಸಿಂಗ್ ಗ್ಲೌಸುಗಳಿವೆ. ಮರದ ಕಕ್ಕಸಿನ ಸೀಟೂ ಇದೆ. ಎಲ್ಲರೂ ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಒಂದು ಓಲೆಯ ಲೆಕ್ಕ. ದಂಡಿನವರು ಏನೇನು ಕೊಂಡರು, ಎಷ್ಟು ಕೊಡಬೇಕು ಅನ್ನುವ ಪಟ್ಟಿ ಅದು. ಟಾಪ್ಪೋ ಅನ್ನುವವನ ಮಗ ಗ್ಯಾಂಬಾಕ್ಸ್, ಕಾಳುಮೆಣಸು, ಎರಡು ಡಿನೇರಿಯಸ್. ಅಷ್ಟೇ ಬರೆದಿರುವುದು. ಡಿನೇರಿಯಸ್ ಅಂದರೆ ರೋಮಿನ ಬೆಳ್ಳಿ ನಾಣ್ಯ. ಕಾಳುಮೆಣಸು! ಆಗ ರೋಮಿಗೆ ಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ. ಮಲೆನಾಡಿನ, ಮಲಬಾರಿನ ಬಳ್ಳಿಯಿಂದ ಇಳಿದ ಕಾಳು ಹಡಗು ಹತ್ತಿ, ಈಜಿಪ್ಟ್ ದಾಟಿ, ರೋಮ್ ದಾಟಿ, ಚಳಿ ಕೊರೆಯುವ ಈ ಗುಡ್ಡದವರೆಗೆ ಬಂದು ಒಬ್ಬ ಸಿಪಾಯಿಯ ಸಾರಿಗೆ ಬಿದ್ದಿದೆ. ಆ ಕಡೆಯಿಂದ ಹೊರಟ ಬೆಳ್ಳಿ ಡಿನೇರಿಯಸ್ಸುಗಳಲ್ಲಿ ಕೆಲವು ನಮ್ಮ ಚಂದ್ರವಳ್ಳಿ ಮಣ್ಣಿಗೆ ಬಂದು ಬಿದ್ದಿವೆ. ನಾನು ಇಲ್ಲಿ ಹೊರಗಿನವಳು ಅಂತ ಇದ್ದ ಸಣ್ಣ ಅಳುಕು ಆ ಲೆಕ್ಕ ಓದಿದ ಮೇಲೆ ಹೋಯಿತು.

ಇನ್ನೊಂದು ನಂಟೂ ಇದೆ. ಮಾರ್ಟಿಮರ್ ವೀಲರ್ ಅನ್ನುವ ಪುರಾತತ್ವಜ್ಞರು, ಹೆಂಡತಿ ಟೆಸ್ಸಾ ಜೊತೆ, 1934ರಿಂದ ಇಂಗ್ಲೆಂಡಿನ ಮೇಡನ್ ಕ್ಯಾಸಲ್‌ನಲ್ಲಿ ದೊಡ್ಡ ಉತ್ಖನನ ನಡೆಸಿದರು. ಅಲ್ಲಿ ಕೂಲಿಯವರ ಜೊತೆ ವಿದ್ಯಾರ್ಥಿಗಳು, ಸ್ವಯಂಸೇವಕರು ಬಹಳ ಮಂದಿ ಇದ್ದರು. ಜನ ಬಂದು ನೋಡಲಿ ಅಂತ ಜಾಗವನ್ನು ತೆರೆದಿಟ್ಟಿದ್ದರು. ಇದೇ ವೀಲರ್ 1944ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದರು. 1947ರಲ್ಲಿ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಜೊತೆಗೆ ಚಂದ್ರವಳ್ಳಿಯಲ್ಲೂ ಅಗೆಸಿದರು. ಅಶೋಕನ ಶಾಸನ ಇರುವ ಬ್ರಹ್ಮಗಿರಿ ಅದೇ. ಕಲ್ಲಿನ ಕೊಡಲಿಯ ಕಾಲ, ದೊಡ್ಡ ಕಲ್ಲಿನ ಗೋರಿಗಳ ಕಾಲ, ಅದರ ಮೇಲೆ ಶಾತವಾಹನರ ಕಾಲ ಅಂತ ಪದರಗಳನ್ನು ಗುರುತಿಸಿದರು. ಯಾವ ಪದರ ಯಾವ ಕಾಲದ್ದು ಅಂತ ಹೇಳಲು ಚಂದ್ರವಳ್ಳಿಯ ರೋಮನ್ ನಾಣ್ಯವೂ ಅವರಿಗೆ ಒಂದು ಆಧಾರವಾಯಿತು. ದಕ್ಷಿಣ ಭಾರತದ ಇತಿಹಾಸಕ್ಕೆ ಒಂದು ಗಟ್ಟಿ ಕಾಲಮಾಪಕ ಸಿಕ್ಕಿದ್ದು ಹೀಗೆ, ನಮ್ಮ ಜಿಲ್ಲೆಯ ನೆಲದಲ್ಲಿ.

ಆದರೆ ಬ್ರಹ್ಮಗಿರಿಯಲ್ಲಿ ಗುದ್ದಲಿ, ಮಂಕರಿ ಹಿಡಿದವರು ಸುತ್ತಲಿನ ಹಳ್ಳಿಯ ಕೂಲಿಯವರು. ನನ್ನ ತಾತನ ವಯಸ್ಸಿನವರು. ಪದರ ಅಂದರೇನು, ಆ ಬೋಕಿ ಯಾಕೆ ಮುಖ್ಯ ಅಂತ ಅವರಿಗೆ ಯಾರಾದರೂ ಕೂತು ಹೇಳಿದ್ದರೆ, ಅದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಬಂದಿರುತ್ತಿತ್ತು. ನಮ್ಮ ಶಾಲೆಯ ಪಿಕ್ನಿಕ್ಕಿಗೂ ಬಂದಿರುತ್ತಿತ್ತು. ಕೂಲಿ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಬಡವರ ಕೂಲಿ ಕಿತ್ತು ಪುಕ್ಕಟೆ ಕೆಲಸದವರಿಗೆ ಕೊಡಿ ಅಂತಲೂ ಹೇಳುತ್ತಿಲ್ಲ. ಅದು ಅನ್ಯಾಯ. ಕೂಲಿಯವರೂ ಇರಲಿ, ಊರಿನವರೂ ಬರಲಿ, ಇಬ್ಬರಿಗೂ ಕಲಿಸಲಿ ಅನ್ನುವುದು ನನ್ನ ಮಾತು.

ಇಲ್ಲದಿದ್ದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ನಿಧಿ ಆಸೆಗೆ ರಾತ್ರೋರಾತ್ರಿ ಗುಡಿಯ ಗರ್ಭಗುಡಿ ಅಗೆಯುತ್ತಾರೆ. ವೀರಗಲ್ಲು ಕಿತ್ತು ಬಿಸಾಡುತ್ತಾರೆ. ಬಸವಣ್ಣನ ಮೂರ್ತಿಯನ್ನೂ ಬಿಡುವುದಿಲ್ಲ. ನಮ್ಮ ಜಿಲ್ಲೆಯ ಪೇಪರಿನಲ್ಲಿ ಈ ಸುದ್ದಿ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಇಂಗ್ಲೆಂಡಿನಲ್ಲೂ ರಾತ್ರಿ ಲೋಹಶೋಧಕ ಹಿಡಿದು ಬರುವ ಕಳ್ಳರಿದ್ದಾರೆ. ಆದರೆ ಆ ಟೀಚರ್ ಅಜ್ಜಿಯಂಥವರು ಸುತ್ತಮುತ್ತಲ ಊರುಗಳಲ್ಲಿ ತುಂಬಿರುವಾಗ ಕಳ್ಳರ ಮೇಲೆ ಎಷ್ಟು ಕಣ್ಣು ಇರುತ್ತದೆ ಯೋಚಿಸಿ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇದನ್ನು ಓದಿ ಯಾರೂ ಸಲಿಕೆ ಹಿಡಿದು ಹೊಲಕ್ಕೆ ಇಳಿಯಬೇಡಿ. ನಮ್ಮಲ್ಲಿ ಉತ್ಖನನಕ್ಕೆ ಪರವಾನಗಿ ಬೇಕು, 1958ರ ಕಾಯ್ದೆ ಇದೆ. ಇಂಗ್ಲೆಂಡಿನಲ್ಲೂ ವಿಂಡೊಲಾಂಡದಂಥ ಸಂರಕ್ಷಿತ ಜಾಗದಲ್ಲಿ ಅಗೆಯಲು ಅನುಮತಿ ಬೇಕು. ನಾವು ಅಗೆದಿದ್ದು ವೃತ್ತಿಯವರ ಕಣ್ಣ ಮುಂದೆ, ಅವರು ಹೇಳಿದಷ್ಟೇ.

ಅಗೆಯದೆಯೂ ಮಾಡುವುದು ಬೇಕಾದಷ್ಟಿದೆ. ಬೆಂಗಳೂರನ್ನೇ ನೋಡಿ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು, ಸುಮಾರು ಕ್ರಿ.ಶ. 750ರದ್ದು, 2018ರಲ್ಲಿ ಬೆಳಕಿಗೆ ಬಂತು. ಆಸಕ್ತ ಜನರೇ ಮುಂದೆ ನಿಂತು ಅದನ್ನು ಕಾಪಾಡಿದರು, ಮಂಟಪ ಕಟ್ಟಿಸಿದರು. ಇತಿಹಾಸದ ಅಧ್ಯಯನ ನಡೆಸುವ ಅಲ್ಲಿನ ಮಿಥಿಕ್ ಸೊಸೈಟಿಯವರು ಊರೂರು ಸುತ್ತಿ ಶಾಸನ ಕಲ್ಲುಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ, ಅಳಿಸಿಹೋಗುತ್ತಿದ್ದ ಅಕ್ಷರಗಳನ್ನು ಓದುವ ಹಾಗೆ ಮಾಡುತ್ತಿದ್ದಾರೆ. ಇದೂ ಆ ಕೆಲಸವೇ.

ವಿಂಡೊಲಾಂಡದವರಿಗೆ ಈಗ ಹೊಸ ಚಿಂತೆ. ಬೇಸಿಗೆ ಬಿಸಿಯಾಗುತ್ತಿದೆ, ಮಳೆ ಹದ ತಪ್ಪಿದೆ, ಕೆಳಗಿನ ಒದ್ದೆ ಪದರ ಒಣಗಿ ಬಿರುಕು ಬಿಡುತ್ತಿದೆ. ಬಿರುಕಿನಲ್ಲಿ ಗಾಳಿ ಇಳಿದರೆ ಉಳಿದದ್ದೆಲ್ಲ ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿರುವ ಮ್ಯಾಗ್ನಾ ಕೋಟೆಯಲ್ಲಿ 2023ರಿಂದ ಐದು ವರ್ಷದ ಉತ್ಖನನ ಹಾಕಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ಅಲ್ಲಿಗೂ ಸ್ವಯಂಸೇವಕರೇ ಬಲ. ಬ್ರಿಟನ್ನಿನಲ್ಲಿರುವ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಅರ್ಜಿ ಹಾಕಿ. ಅಗೆಯಲು ಆಗದಿದ್ದರೆ ಚೂರು ತೊಳೆಯುವ, ಲೇಬಲ್ ಬರೆಯುವ ಕೆಲಸವೂ ಇರುತ್ತದೆ.

ಊರಿಗೆ ಹೋದಾಗ ಪುರಾತತ್ವ ಇಲಾಖೆಗೆ ಒಂದು ಮನವಿ ಕೊಡಬೇಕು ಅಂತಿದ್ದೇನೆ. ಬರೆದು ಇಟ್ಟಿದ್ದೇನೆ. ದುರ್ಗ ಜಿಲ್ಲೆಯಲ್ಲಿ ಮುಂದೆ ಎಲ್ಲಿ ಉತ್ಖನನ ನಡೆದರೂ ಹತ್ತಿರದ ಹೈಸ್ಕೂಲು, ಕಾಲೇಜಿನ ಮಕ್ಕಳನ್ನು ಸೇರಿಸಿಕೊಳ್ಳಿ. ಅಗೆಯುವುದು ಬೇಡ, ಮೊದಲು ಚೂರು ತೊಳೆದು ಒಣಗಿಸಲಿ, ನಂಬರು ಹಾಕಲಿ. ವಾರಕ್ಕೊಮ್ಮೆ ಗುಂಡಿಯ ಪಕ್ಕ ನಿಲ್ಲಿಸಿ ಊರಿನವರಿಗೆ ಕನ್ನಡದಲ್ಲಿ ವಿವರಿಸಿ. ಸಿಕ್ಕಿದ್ದನ್ನೆಲ್ಲ ದೂರದ ಗೋದಾಮಿಗೆ ಕಳಿಸುವ ಮೊದಲು ಒಂದು ದಿನವಾದರೂ ಆ ಊರಿನ ಶಾಲೆಯಲ್ಲೇ ಮೇಜಿನ ಮೇಲಿಟ್ಟು ತೋರಿಸಿ. ನೀವೂ ಸಹಿ ಹಾಕುವುದಾದರೆ, ಮನವಿಯಲ್ಲಿ ಇನ್ನೇನು ಸೇರಿಸಬೇಕು ಅಂತ ಅನ್ನಿಸಿದರೆ, ತಿಳಿಸಿ. ಅಮ್ಮನ ಸಹಿ ಆಗಲೇ ಸಿಕ್ಕಿದೆ.